ಜೀಪಿನ ಗುಟ್ಟಿನ ಸ್ವಿಚ್ಚು

ಗುಟ್ಟು ಕಾಪಾಡುವುದು ಸುಲಭ ಎನ್ನುವವರನ್ನು ನಾನು ನಂಬುವುದಿಲ್ಲ. ಅವರ ಹತ್ತಿರ ಇರುವುದೆಲ್ಲ ಚಿಲ್ಲರೆ ಗುಟ್ಟು. ಯಾರು ಮೀಸೆಗೆ ಬಣ್ಣ ಹಚ್ಚುತ್ತಾರೆ, ಯಾರ ಮನೆಯ ಹೋಳಿಗೆ ಅಂಗಡಿಯದು, ಇಂಥವು. ಅವನ್ನು ಹೊಟ್ಟೆಯಲ್ಲಿಟ್ಟುಕೊಂಡು ಯಾರು ಬೇಕಾದರೂ ನಿದ್ದೆ ಮಾಡಬಹುದು. ಆದರೆ ನಿಮ್ಮ ಬುದ್ಧಿವಂತಿಕೆಯೇ ಗುಟ್ಟಾಗಿದ್ದರೆ? ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಬೇಕಾದ ಕೆಲಸ ಮಾಡಿ, ಅದನ್ನು ಒಂದು ನರಪಿಳ್ಳೆಗೂ ತೋರಿಸಬಾರದು ಎಂದರೆ? ಅಂಥ ಗುಟ್ಟನ್ನು ನಾನು ಹೊತ್ತಿದ್ದೆ ಸ್ವಾಮಿ. ಎಷ್ಟು ದಿನ ಎಂದು ಮಾತ್ರ ಕೇಳಬೇಡಿ.

ನಾನು ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಮನೆ ವಿಜಯಪುರದ ಜಲನಗರದಲ್ಲಿ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಕಲಿಸಿದ ಚಿತ್ರ ಒಂದೂ ನೆನಪಿಲ್ಲ, ನನ್ನ ಕೀಟಲೆಗಳು ಮಾತ್ರ ಬಾಯಿಪಾಠ. ಒಮ್ಮೆ ಸ್ಟಾಫ್‌ರೂಮಿನ ಬಾಗಿಲ ಮೇಲೆ ಬಣ್ಣದಲ್ಲಿ ಒಂದು ಬೀಗ ಬರೆದಿದ್ದೆ. ಜವಾನ ಕೀಲಿಗಾಗಿ ಸಾಲೆಯೆಲ್ಲ ಹುಡುಕಿದ, ಹೆಡ್ಮಾಸ್ತರು ಅವನನ್ನು ಬೈದು ಬಡಿಗೇರನನ್ನು ಕರೆಸಿದರು, ಬಡಿಗೇರ ಸುತ್ತಿಗೆ ಎತ್ತಿದ ಮೇಲೆ ನಾನು ಹೋಗಿ ಬಾಗಿಲನ್ನು ಬೆರಳಿನಿಂದ ದೂಡಿದೆ. ಅಂಥ ಕೈ ನನ್ನದು. ಬೇರೆಯವರನ್ನು ಮಂಗ ಮಾಡುವವನ ವಸ್ತುವನ್ನೇ ಒಬ್ಬರು ಎತ್ತಿಕೊಂಡು ಹೋದರೆ ಹೇಗಾಗಬೇಡ?

ನನ್ನ ಹತ್ತಿರ ಒಂದು ಹಳೆಯ ಜೀಪಿದೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಹೋಗುವಂಥದು. ಹೊನವಾಡದಲ್ಲಿ ನಮ್ಮದೊಂದು ದ್ರಾಕ್ಷಿ ತೋಟವಿದೆ. ಮಳೆ ಬಿದ್ದ ದಿನ ಅಲ್ಲಿಯ ಎರೆಮಣ್ಣಿನ ದಾರಿಯಲ್ಲಿ ಬೈಕು ಬೀಳುತ್ತದೆ, ಕಾರು ಹೂತುಕೊಳ್ಳುತ್ತದೆ, ನನ್ನ ಜೀಪು ಮಾತ್ರ ಗುರುಗುಟ್ಟುತ್ತ ದಾಟುತ್ತದೆ. ಕೊರತೆ ಎಂದರೆ ಒಂದೇ. ಸವೆದು ಹೋದ ಅದರ ಕೀಲಿತೂತಿಗೆ ಯಾವ ಕೀಲಿ ಹಾಕಿದರೂ ನಡೆಯುತ್ತಿತ್ತು. ನಮ್ಮ ಕಪಾಟಿನ ಕೀಲಿ ಹಾಕಿ ನಾನೇ ಎಷ್ಟೋ ಸಲ ತೋಟಕ್ಕೆ ಹೋಗಿ ಬಂದಿದ್ದೇನೆ.

ಹೋದ ಬೇಸಿಗೆಯಲ್ಲಿ ಬಬಲೇಶ್ವರದ ಸಂತೆಗೆ ನಾನೂ ನನ್ನ ಹೆಂಡತಿ ಗಂಗವ್ವನೂ ಹೋಗಿದ್ದೆವು. ಬಿಳಿಜೋಳದ ಚೀಲ ಜೀಪಿನಲ್ಲಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಜೀಪಿಲ್ಲ. ಬೇರೆ ಹಳ್ಳಿಯ ಒಬ್ಬ ಹಿರಿಯರು, ಅಂಥದೇ ಬಣ್ಣದ ಜೀಪಿನವರು, ತಮ್ಮದೆಂದು ತಿಳಿದು ತಮ್ಮ ಕೀಲಿ ಹಾಕಿ ಮನೆಗೆ ಹೊಡೆದುಕೊಂಡು ಹೋಗಿದ್ದರು. ಪಾಪ, ಮರುದಿನ ತಾವೇ ತಂದು ಕೊಟ್ಟು, ನಿಮ್ಮ ಜೋಳ ಚಲೋ ಅದಾವ ಎಂದೂ ಹೇಳಿ ಹೋದರು. ನಾವು ಮಾತ್ರ ಅಂದು ಸರಕಾರಿ ಬಸ್ಸಿನಲ್ಲಿ ನಿಂತುಕೊಂಡು ಬಂದೆವು. ಜೀಪು ವಾಪಸು ಬಂದದ್ದೇ ಗಂಗವ್ವ ನನ್ನನ್ನು ತುಳಸಿಕಟ್ಟೆಯ ಮುಂದೆ ನಿಲ್ಲಿಸಿದಳು.

"ಇನ್ನೊಮ್ಮಿ ಈ ಜೀಪ ಬ್ಯಾರೇದವರ ಕೈಯಾಗ ಓಡಿದ್ದು ನನ್ನ ಕಣ್ಣಿಗೆ ಬಿತ್ತಂದ್ರ, ಅವತ್ತ ಗುಜರಿಗೆ ಹಾಕೂದು. ತುಳಸಿಕಟ್ಟಿ ಮ್ಯಾಲ ಕೈ ಇಟ್ಟು ಹೂಂ ಅನ್ರಿ."

ಇಟ್ಟೆ, ಅಂದೆ. ಮತ್ತೇನು ಮಾಡಲಿ? ಅಡಿಗೆ ಮನೆ ಆಕೆಯ ಕೈಯಲ್ಲಿದೆ.

ಮರುದಿನವೇ ಟಿಕೋಟಾದ ಮೆಹಬೂಬ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಮೆಹಬೂಬ ನನ್ನ ವಿದ್ಯಾರ್ಥಿ. ಆನೆ ಬರೆ ಎಂದರೆ ಟ್ರ್ಯಾಕ್ಟರು ಬರೆಯುತ್ತಿದ್ದವನು, ಮಾಸ್ತರರೆಂದೂ ನೋಡದೆ ಮುಖಕ್ಕೆ ಹೇಳಿಬಿಡುವವನು. ಅವನು ಕೆಂಪು ಕೀಲಿಯ ಒಂದು ಸ್ವಿಚ್ಚು ತೋರಿಸಿದ. ಬ್ಯಾಟರಿಯ ಮೈನಸ್ ತಂತಿಯ ನಡುವೆ ಅದನ್ನು ಕೂಡಿಸುವುದು. ಕೀಲಿ ತಿರುವಿ ಕಿತ್ತುಕೊಂಡರೆ ಬ್ಯಾಟರಿಗೂ ಗಾಡಿಗೂ ಸಂಬಂಧವೇ ಕಡಿದು ಹೋಗುತ್ತದೆ. ದೀಪವಿಲ್ಲ, ಹಾರ್ನಿಲ್ಲ, ಸ್ಟಾರ್ಟರ್ ಕಿಮಕ್ಕೆನ್ನುವುದಿಲ್ಲ. ದೂಡಿ ಚಾಲೂ ಮಾಡಬಹುದಲ್ಲ ಎಂದೆ. ಈ ಜೀಪು ದೂಡುವ ಕಳ್ಳ ಇದ್ದರೆ ಅವನಿಗೆ ಇದನ್ನು ಬಹುಮಾನವಾಗಿಯೇ ಕೊಡಬೇಕು ಎಂದ ಮೆಹಬೂಬ.

ಕೆಲಸ ನಾನೇ ಮಾಡುತ್ತೇನೆಂದು ನಟ್ಟು ಬಿಚ್ಚುವ ಪಾನಾ ಹಿಡಿದೆ. ಮೊದಲಿಗೇ ಪ್ಲಸ್ಸಿನ ನಟ್ಟಿಗೆ ಹಚ್ಚಿದೆ. ಪಾನಾದ ಇನ್ನೊಂದು ತುದಿ ಬಾನೆಟ್ಟಿನ ತಗಡಿಗೆ ತಾಗಿ ಹಗಲು ಹೊತ್ತಿನಲ್ಲೇ ದೀಪಾವಳಿಯಾಯಿತು. "ಮಾಸ್ತರ್ರ, ಮೊದಲ ಮೈನಸ್ ಬಿಚ್ಚಬೇಕ್ರಿ. ನೀವು ಗಣಿತ ಕಲಿಸಲಿಲ್ಲ, ನಮ್ಮ ಪುಣ್ಯ," ಎಂದು ಅವನು ಪಾನಾ ಕಸಿದುಕೊಂಡ. ತಂತಿ ಕತ್ತರಿಸಿದ, ತುದಿಗಳಿಗೆ ತೂತಿರುವ ತಾಮ್ರದ ಟೊಪ್ಪಿಗೆ, ಅಂದರೆ ಥಿಂಬಲ್, ಹಾಕಿ ಒತ್ತಿದ, ಸ್ವಿಚ್ಚನ್ನು ಡ್ರೈವರ್ ಸೀಟಿನ ಕೆಳಗೆ ಕೂಡಿಸಿದ. ಅಲ್ಲಿ ಕೂಡಿಸೆಂದು ಹೇಳಿದವನು ನಾನು. ಆದ್ದರಿಂದ ಒಟ್ಟು ಕೆಲಸ ನನ್ನದೆಂದೇ ಲೆಕ್ಕ. ಡಬ್ಬಿಯಲ್ಲಿ ಎರಡು ಕೀಲಿ ಇದ್ದವು. ಒಂದನ್ನು ಜೇಬಿಗಿಳಿಸಿದೆ. ಅದು ಕಳೆದರೆ ಇರಲಿ ಎಂದು ಇನ್ನೊಂದನ್ನು ಯಾರಿಗೂ ಹೊಳೆಯದ ಜಾಗದಲ್ಲಿಟ್ಟೆ, ಅದೇ ಜೀಪಿನ ರಬ್ಬರ್ ಮ್ಯಾಟಿನ ಕೆಳಗೆ. ಇದು ಗುಟ್ಟು, ಯಾರಿಗೂ ಹೇಳಬೇಡಿರಿ ಎಂದು ಮೆಹಬೂಬ ಎರಡೆರಡು ಸಲ ಹೇಳಿದ. ನನಗೆ ಹೇಳುತ್ತಾನೆ!

ಆ ಸಂಜೆ ಜಲನಗರದ ನಮ್ಮ ಓಣಿಯಲ್ಲಿ ಜೀಪು ನಿಲ್ಲಿಸಿ, ಯಾರಾದರೂ ಚಾಲೂ ಮಾಡಿ ತೋರಿಸಿರಪ್ಪ ಎಂದು ಸವಾಲು ಹಾಕಿದೆ. ಎದುರು ಮನೆಯ ಕುಲಕರ್ಣಿಯವರು ಬಾನೆಟ್ ಎತ್ತಿ ಡಾಕ್ಟರಂತೆ ತಲೆಯಾಡಿಸಿದರು. ಆಟೋದ ಇಮಾಮಸಾಬ ಬೆವರು ಸುರಿಸಿದ. ಒಬ್ಬೊಬ್ಬರೂ ಸೋತಾಗ ನನಗೆ ಆದ ಸುಖ ಎಂಥದೆಂದರೆ, ಮದುವೆಯ ದಿನವೂ ಅಷ್ಟು ಆಗಿರಲಿಲ್ಲ. ಆದರೆ ಸೋತವರು ಸುಮ್ಮನೆ ಮನೆಗೆ ಹೋದರೆ ಏನು ಬಂತು? ನಾನು ಹೇಗೆ ಗೆದ್ದೆ ಎನ್ನುವುದು ಅವರಿಗೆ ತಿಳಿಯಬೇಡವೇ? ಕುಲಕರ್ಣಿಯವರಿಗೊಬ್ಬರಿಗೇ ಕಿವಿಯಲ್ಲಿ ಹೇಳಿ ಸ್ವಿಚ್ಚು ತೋರಿಸಿದೆ. ಆಮೇಲೆ ಇಮಾಮಸಾಬನಿಗೊಬ್ಬನಿಗೇ. ಆಮೇಲೆ ಬಬಲೇಶ್ವರದ ಸಂತೆಯಲ್ಲಿ, ನಂಬಿಕಸ್ತರಾಗಿ ಕಂಡವರಿಗೆ ಮಾತ್ರ. ಕೀಲಿ ಕಳೆದರೆ ಏನು ಮಾಡುತ್ತೀರಿ ಎಂದು ಓಣಿಯಲ್ಲಿ ಒಬ್ಬರು ಅಣಕಿಸಿದರು. ಸಿಟ್ಟು ಬಂದು ಮ್ಯಾಟೂ ಎತ್ತಿ ತೋರಿಸಿದೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳಿಗೆ ಪೂಜೆ ಮಾಡುತ್ತೇವೆ. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಜೀಪು ತೊಳೆದು, ಹೂವಿನ ಸರ ಹಾಕಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು, ಕಾಯಿ ತರಲು ಒಳಗೆ ಹೋದೆ. ಕೆಂಪು ಕೀಲಿ ಜೇಬಿನಲ್ಲಿತ್ತು. ಹೊರಗೆ ಬಂದರೆ ನಾಲ್ಕು ಅಪ್ಪಚ್ಚಿಯಾದ ಲಿಂಬೆಹಣ್ಣು. ಜೀಪಿಲ್ಲ.

ಜೀಪು ಹೋದದ್ದಕ್ಕಿಂತ, ಗಂಗವ್ವ ನೋಡಿದರೆ ಗತಿಯೇನು ಎನ್ನುವ ಚಿಂತೆಯೇ ದೊಡ್ಡದಾಯಿತು. ಕಾಯಿ ಹಿಡಿದುಕೊಂಡೇ ಓಣಿಯ ತುದಿಯವರೆಗೂ ಓಡಿದೆ. ಇಮಾಮಸಾಬನ ಮೇಲೆ ಅನುಮಾನ, ಅವನು ಆಟೋ ಒರೆಸುತ್ತ ಕುಳಿತಿದ್ದಾನೆ. ಕುಲಕರ್ಣಿಯವರ ಮೇಲೆ ಅನುಮಾನ, ಅವರು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ನಗುತ್ತಿದ್ದಾರೆ. ಮೆಹಬೂಬನಿಗೆ ಫೋನ್ ಹಚ್ಚಿದೆ. ಗುಟ್ಟು ಯಾರ್‍ಯಾರಿಗೆ ಗೊತ್ತಿದೆ ಎಂದು ಕೇಳಿದ. ಹೆಸರು ಹೇಳತೊಡಗಿದೆ. ಅರ್ಧಕ್ಕೇ ಸಾಕೆಂದು ಫೋನ್ ಇಟ್ಟ.

ಅಷ್ಟರಲ್ಲಿ ತಿರುವಿನಲ್ಲಿ ಹಾರ್ನು ಕೇಳಿಸಿತು. ಹೂವಿನ ಸರ ಅಲುಗಾಡಿಸುತ್ತ ನನ್ನ ಜೀಪು ಬಂತು. ಸ್ಟೀರಿಂಗಿನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಗಂಗವ್ವ. ಪಕ್ಕದಲ್ಲಿ ಕ್ಯಾನು ಅಪ್ಪಿಕೊಂಡ ಹಾಲಿನ ಕಾಶೀಬಾಯಿ. ಗಂಗವ್ವ ತವರಿನ ಹೊಲದಲ್ಲಿ ಟ್ರ್ಯಾಕ್ಟರು ಹೊಡೆಯುತ್ತಿದ್ದಳಂತೆ. ಇಷ್ಟು ವರ್ಷ ಹೇಳಲಿಲ್ಲವಲ್ಲ ಎಂದರೆ, ನೀವು ಕೇಳಲಿಲ್ಲ ಎಂದಳು. ಸ್ವಿಚ್ಚಿನ, ಮ್ಯಾಟಿನ ಕೆಳಗಿನ ಕೀಲಿಯ ವಿಷಯ ಗಂಗವ್ವನಿಗೆ ಹೇಳಿದ್ದು ಕಾಶೀಬಾಯಿ, ಆಕೆಗೆ ಹೇಳಿದ್ದು ಓಣಿ. ಇಡೀ ಓಣಿಯಲ್ಲಿ ನಾನು ಹೇಳದೆ ಬಿಟ್ಟದ್ದು ನನ್ನ ಹೆಂಡತಿಗೆ ಮಾತ್ರ.

"ಸ್ವಿಚ್ ಇದ್ದೂ ಜೀಪ ಓಡ್ತಲ್ರಿ," ಎಂದಳು ಇಳಿಯದೆಯೇ. "ಗುಜರಿಯವಗ ಫೋನ್ ಹಚ್ಚಲೇನು?"

ಓಣಿಯೆಲ್ಲ ಕಿವಿಯಾಗಿ ನಿಂತಿತ್ತು. ನನ್ನ ತಲೆ ಎಂದೂ ಓಡದ ವೇಗದಲ್ಲಿ ಓಡಿತು. "ಬ್ಯಾರೇದವರ ಕೈಯಾಗ ಓಡಿದ್ರ ಅಂದಿದ್ದಿ. ನೀ ಬ್ಯಾರೇದಾಕಿ ಏನು?" ಎಂದೆ.

"ಹಂಗಂದ್ರ?"

"ಹಂಗಂದ್ರ... ಜೀಪ ನಿಂದೂ ಐತಿ."

"ಸ್ವಲ್ಪ ಜೋರಾಗಿ ಅನ್ರಿ. ಕಾಶೀಬಾಯಿಗೆ ಕಿವಿ ಮಂದ ಅದಾವ."

ಓಣಿಯ ಗುಟ್ಟೆಲ್ಲ ಹಿಡಿಯುವ ಆ ಕಿವಿಗಳಿಗಾಗಿ ನಾನು ಮತ್ತೊಮ್ಮೆ, ಸಾಲೆಯ ಪ್ರಾರ್ಥನೆಯ ಧ್ವನಿಯಲ್ಲಿ ಹೇಳಿದೆ. ಗಂಗವ್ವ ಕೈ ಚಾಚಿದಳು. ಜೇಬಿನಲ್ಲಿದ್ದ ಕೀಲಿಯೂ ಹೋಯಿತು.

ಜೀಪು ಗುಜರಿಗೆ ಹೋಗಲಿಲ್ಲ, ಅದು ನನ್ನ ಗೆಲುವು. ನಿನ್ನೆ ಮಧ್ಯಾಹ್ನ ಮೆಲ್ಲಗೆ ಕೀಲಿ ಕೇಳಿದೆ. ಎಲ್ಲಿಗೆ ಎಂದಳು. ಸುಮ್ಮನೆ ಒಂದು ಸುತ್ತು ಹಾಕಿ ಬರುತ್ತೇನೆಂದೆ.

"ಸುಮ್ಮನ ಒಯ್ಯೋರಿಗಂತನ ಅಲ್ರಿ, ನೀವು ಸ್ವಿಚ್ ಹಾಕ್ಸಿದ್ದು?" ಎಂದಳು.

ನಡೆದುಕೊಂಡೇ ಚೌಕಿನವರೆಗೆ ಹೋದೆ. ಅಲ್ಲಿ ಕಂಡವರಿಗೆಲ್ಲ ಎದೆ ತಟ್ಟಿ ಹೇಳಿದೆ, ಇಷ್ಟು ಗಟ್ಟಿ ಸ್ವಿಚ್ಚು ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಹಾಕಿಸಿದವನಿಗೇ ಗಾಡಿ ಸಿಗುವುದಿಲ್ಲ ಎಂದು.