ನೂರಕ್ಕೆ ಇಬ್ಬರು

ರೇಣುಕಾಪ್ರಸಾದನ ಹೊಟ್ಟೆಯೊಳಗೆ ಏನಿದೆ ಎಂಬುದು ರೇಣುಕಾಪ್ರಸಾದನ ಸ್ವಂತ ವಿಷಯ. ಹಾಗಂತ ನೀವು ತಿಳಿದಿದ್ದರೆ, ತುಮಕೂರಿನ ಅವನ ಬೀದಿಯಲ್ಲಿ ನೀವು ಒಂದು ದಿನವೂ ಬಾಳಿಲ್ಲ ಎಂದೇ ಅರ್ಥ.

ಕಳೆದ ತಿಂಗಳು ಅವನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಗ ಸಣ್ಣ ಕರುಳಿಗೆ ಅಂಟಿಕೊಂಡಿದ್ದ, ಹೆಬ್ಬೆರಳಿನಷ್ಟು ದೊಡ್ಡ ಚೀಲವೊಂದು ಡಾಕ್ಟರ ಕಣ್ಣಿಗೆ ಬಿತ್ತು. "ಹುಟ್ಟಿನಿಂದಲೇ ಇರೋದು ಕಣ್ರೀ. ನೂರು ಜನದಲ್ಲಿ ಇಬ್ಬರಿಗೆ ಇರುತ್ತೆ. ಬಹಳ ಜನಕ್ಕೆ ಸಾಯೋವರೆಗೂ ಗೊತ್ತೇ ಆಗಲ್ಲ. ಅದರ ಪಾಡಿಗೆ ಅದನ್ನ ಬಿಟ್ಟಿದೀನಿ, ತಲೆ ಕೆಡಿಸ್ಕೋಬೇಡಿ" ಎಂದರು. ಪ್ರಸಾದ ಕೆಡಿಸಿಕೊಳ್ಳಲಿಲ್ಲ. ಅವನ ತಲೆ ತುಂಬ ಕುಣಿಗಲ್ಲಿನ ಅಕ್ಷತಾ ಇದ್ದಳು. ವರ್ಷಗಟ್ಟಲೆ ಹೆಣ್ಣು ಹುಡುಕಿ ಚಪ್ಪಲಿ ಸವೆಸಿದ ಮೇಲೆ, ಅವನಿಗೂ ಅವಳಿಗೂ ಪರಸ್ಪರ ಮನಸ್ಸಾಗಿ, ಮುಂದಿನ ವಾರ ನಿಶ್ಚಿತಾರ್ಥ ಗೊತ್ತಾಗಿತ್ತು.

ಎಡವಟ್ಟಾದದ್ದು ಅವನಮ್ಮ ಸಿದ್ದಗಂಗಮ್ಮನ ಬಾಯಿಂದ. ಪಕ್ಕದ ಮನೆಯ ಪುಟ್ಟರಂಗಯ್ಯ, ರಿಟೈರಾದ ಬಸ್ ಕಂಡಕ್ಟರ್, ಎಳನೀರು ಹಿಡಿದು ಯೋಗಕ್ಷೇಮ ವಿಚಾರಿಸಲು ಬಂದಾಗ ಆಕೆ ಚೀಲದ ಕತೆಯನ್ನೂ ಹೇಳಿಬಿಟ್ಟಳು. ಹೆಣ್ಣಿನ ಕಡೆಯವರು ನಿಶ್ಚಿತಾರ್ಥಕ್ಕೆ ಮುಂಚೆ ಗಂಡಿನ ಅಕ್ಕಪಕ್ಕದ ಮನೆಗಳಲ್ಲಿ ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ವಾಡಿಕೆ ತಾನೆ? ಶನಿವಾರ ಬೆಳಿಗ್ಗೆ ಅಕ್ಷತಾಳ ತಾತ ಚನ್ನವೀರಯ್ಯ ಫೋನ್ ಮಾಡಿದ್ದು ಈ ಪುಟ್ಟರಂಗಯ್ಯನಿಗೇ.

"ನಾನೇನ್ ಕೆಟ್ಟದ್ದು ಹೇಳ್ಲಿಲ್ಲಪ್ಪ" ಎಂದ ಪುಟ್ಟರಂಗಯ್ಯ, ಕಾಂಪೌಂಡಿನ ಮೇಲಿಂದ ಬಗ್ಗಿ. "ಹುಡುಗ ಬಂಗಾರ, ಬೀಡಿ ಇಲ್ಲ, ಬ್ರಾಂದಿ ಇಲ್ಲ, ಕರುಳಿಗೆ ಒಂದು ಚೀಲ ಐತೆ ಅಷ್ಟೆ ಅಂದೆ."

"ಅಷ್ಟೆ ಅಂದ್ರಾ! ನಿಮಗೆ ಬಾಯಿ ಸುಮ್ಮನಿರಲ್ವಾ ಅಂಕಲ್?" ಪ್ರಸಾದನ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲೇ ಚನ್ನವೀರಯ್ಯನ ಫೋನ್ ಬಂತು: "ಸದ್ಯಕ್ಕೆ ನಿಶ್ಚಿತಾರ್ಥ ಬೇಡ. ಯೋಚನೆ ಮಾಡಿ ಹೇಳ್ತೀವಿ." ಯೋಚನೆ ಮಾಡಿ ಹೇಳುವುದೆಂದರೆ ಏನೆಂದು ಮದುವೆಯಾಗದ ಗಂಡಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ನಾನೇ ಹೋಗಿ ಮುಖಕ್ಕೆ ಮುಖ ಕೊಟ್ಟು ಮಾತಾಡ್ತೀನಿ" ಎಂದು ಪ್ರಸಾದ ಷರ್ಟು ಹಾಕಿಕೊಂಡ.

"ಹೆಣ್ಣಿನ ಮನೆಗೆ ಒಬ್ಬನೇ ಹೋಗ್ತಾರೇನ್ಲಾ? ಹಿರೇರು ಒಬ್ರು ಜತೇಲಿರ್ಬೇಕು" ಎಂದು ಸಿದ್ದಗಂಗಮ್ಮ ಅಡ್ಡ ನಿಂತಳು. ಸಿಕ್ಕ ಹಿರಿಯ ಯಾರು? ಪುಟ್ಟರಂಗಯ್ಯ! ಬೆಂಕಿ ಹಚ್ಚಿದವನನ್ನೇ ಆರಿಸಲು ಕರೆದುಕೊಂಡು ಹೋಗುವ ಗತಿ ಯಾವ ಶತ್ರುವಿಗೂ ಬೇಡ.

ಕುಣಿಗಲ್ ಬಸ್ಸು ಹತ್ತಿದ್ದೇ ತಡ, ಪುಟ್ಟರಂಗಯ್ಯನಿಗೆ ಹಳೇ ಡ್ಯೂಟಿಯ ಹುರುಪು ಬಂತು. "ಎಲ್ಲಿಗೆ ಯಜಮಾನ್ರೆ?" ಎಂದು ಪಕ್ಕದವರು ಕೇಳಿದರೆ ಊರಿನ ಹೆಸರು ಹೇಳಿ ಸುಮ್ಮನಾಗುವುದು ತಾನೆ? ಇಲ್ಲ. ಇಡೀ ಕತೆ ಬಿಚ್ಚಿದ.

"ನೂರಕ್ಕೆ ಇಬ್ಬರಿಗಂತೆ! ಅಂದ್ರೆ ಐವತ್ತಕ್ಕೆ ಒಬ್ಬ. ಈ ಬಸ್ಸಲ್ಲಿ ಐವತ್ತು ಜನ ಇದೀರಿ. ಆ ಒಬ್ಬ ಇವನೇ. ಮಿಕ್ಕೋರೆಲ್ಲ ನಿಶ್ಚಿಂತೆಯಾಗಿರ್ರಪ್ಪ."

"ಅದು ಹಂಗಲ್ಲ ಅಂಕಲ್! ಒಂದು ಬಸ್ಸಲ್ಲಿ ಯಾರಿಗೂ ಇಲ್ದೆ ಇರ್ಬೋದು, ಮೂರು ಜನಕ್ಕೆ ಇರ್ಬೋದು!" ಎಂದು ಪ್ರಸಾದ ಕಿರುಚಿದ. ಕಿರುಚಬಾರದಿತ್ತು.

"ಮೂರಾ? ಹಂಗಾದ್ರೆ ಇನ್ನಿಬ್ರು ಯಾರು?" ಎಂದು ಮುಂದಿನ ಸೀಟಿನ ಹೆಂಗಸು ಎದ್ದು ನಿಂತಳು. ಹಿಂದಿನವನೊಬ್ಬ ಹೊಟ್ಟೆ ಒತ್ತಿ ನೋಡಿಕೊಂಡ. ಹೆಬ್ಬೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ವಿಷಯ ತಿಳಿದು, "ಪಾಪ, ಚೀಲಕ್ಕೂ ಸೇರಿಸಿ ಉಣ್ಣಬೇಕಲ್ಲಪ್ಪ" ಎಂದು ಮಡಿಲಿನ ಬಾಳೆಹಣ್ಣನ್ನು ಪ್ರಸಾದನ ಕೈಗೆ ತುರುಕಿದಳು. ಅವನಿಗೆ ಬಸ್ಸಿನಿಂದ ಕೆಳಗೆ ಹಾರಿಬಿಡೋಣವೆನ್ನಿಸಿತು. ಆದರೆ ಹೊಲಿಗೆ ಇನ್ನೂ ಹಸಿ.

ಕುಣಿಗಲ್ಲಿನ ಮನೆಯಲ್ಲಿ ಚನ್ನವೀರಯ್ಯ ವಿಭೂತಿ ಧರಿಸಿ, ಜಡ್ಜಿಯಂತೆ ಕುರ್ಚಿಯಲ್ಲಿ ಕೂತಿದ್ದರು. ಪ್ರಸಾದ ನೀರನ್ನೂ ಮುಟ್ಟದೆ ಶುರುಮಾಡಿದ.

"ಯಜಮಾನ್ರೆ, ಇದು ಕಾಯಿಲೆ ಅಲ್ಲ. ತಾಯಿ ಹೊಟ್ಟೇಲಿದ್ದಾಗ ಹೊಕ್ಕುಳಿಂದ ಕರುಳಿಗೆ ಒಂದು ನಾಳ ಇರುತ್ತೆ. ಹೆಚ್ಚಿನೋರಿಗೆ ಅದು ಕರಗೋಗುತ್ತೆ. ಕೆಲವರಿಗೆ ಒಂದು ತುಂಡು ಉಳ್ಕೊಳ್ಳುತ್ತೆ. ತೊಂದ್ರೆ ಆಗೋದು ಅಪರೂಪ. ಆಗೋದಾದ್ರೂ ಹೆಚ್ಚಾಗಿ ಚಿಕ್ಕ ಮಕ್ಕಳಿಗೆ. ಬಹಳ ಜನಕ್ಕೆ ಗೊತ್ತೇ ಆಗಲ್ಲ!"

"ಗೊತ್ತಾಗ್ದೇ ಇರೋದನ್ನ ನೀನ್ಯಾಕಪ್ಪ ಊರಿಗೆಲ್ಲ ಗೊತ್ತು ಮಾಡ್ದೆ?" ಎಂದರು ಚನ್ನವೀರಯ್ಯ. ಪುಟ್ಟರಂಗಯ್ಯ ಸೂರು ನೋಡುತ್ತ ಕೂತ.

ಆಗ ಅಡುಗೆಮನೆಯ ಬಾಗಿಲಿಂದ ಅಕ್ಷತಾ ಹೊರಗೆ ಬಂದಳು. ಮುಖ ಕೆಂಪಾಗಿತ್ತು. "ತಾತ, ಸಾಕು ಮಾಡು. ನಾನು ಪಾಪು ಇದ್ದಾಗ ಮಲದಲ್ಲಿ ರಕ್ತ ಹೋಗಿ ಆಪರೇಷನ್ ಮಾಡಿಸಿದ್ರಲ್ಲ, ಅದೇನು? ಇದೇ ಚೀಲ ತಾನೆ ತೆಗೆದಿದ್ದು? ನಮ್ಮದನ್ನ ಮುಚ್ಚಿಟ್ಟು ಅವರದನ್ನ ಆಡ್ಕೋತೀರಾ? ನಾಚಿಕೆ ಆಗಲ್ವಾ?"

ಪ್ರಸಾದನಿಗೆ ಜೀವ ಬಂತು. ಈ ಹುಡುಗಿಗಾಗಿ ಇನ್ನೂ ಹತ್ತು ಬಸ್ಸುಗಳಲ್ಲಿ ಮಾನ ಕಳೆದುಕೊಳ್ಳಲು ಅವನು ತಯಾರಿದ್ದ. ಚನ್ನವೀರಯ್ಯ ಮಾತ್ರ ಗಡ್ಡ ಕೆರೆದುಕೊಳ್ಳುತ್ತ ಪ್ರಸಾದನ ಕಡೆ ಬಗ್ಗಿದರು.

"ಅಲ್ಲಪ್ಪ, ಇದು ಹುಟ್ಟಿನಿಂದ್ಲೇ ಬರೋದು ಅಂದೆಯಲ್ವಾ?"

"ಹುಟ್ಟಿನಿಂದ್ಲೇ!" ಎಂದ ಪ್ರಸಾದ ಉತ್ಸಾಹದಿಂದ.

"ಎಲ್ಲರಿಗೂ ಬರಲ್ಲ?"

"ಇಲ್ವೇ ಇಲ್ಲ! ನೂರು ಜನದಲ್ಲಿ ಇಬ್ಬರಿಗೇ!"

"ಹಂಗಾದ್ರೆ ಮುಗೀತು" ಎಂದು ಚನ್ನವೀರಯ್ಯ ತೊಡೆ ತಟ್ಟಿದರು. "ನೂರರಲ್ಲಿ ಇಬ್ಬರಿಗೆ ಬರೋ ಗುರುತು ನಿಮ್ಮಿಬ್ಬರಿಗೇ ಬಂದೈತೆ ಅಂದ್ರೆ ನೀವಿಬ್ರೂ ಒಂದೇ ಬಳ್ಳಿ ಕುಡಿಗಳು. ಒಂದೇ ಬೆಡಗು. ನಾವು ಹಿರೇರು ಬೇರೆ ಬೇರೆ ಅಂದ್ಕೊಂಡು ಎಲ್ಲೋ ಎಡವಿದೀವಿ. ಒಳ್ಳೇದಾಯ್ತು, ಈಗಲಾದ್ರೂ ತಿಳೀತು."

ಬೆಡಗೆಂದರೆ ಗೋತ್ರವಿದ್ದ ಹಾಗೆ; ಒಂದೇ ಬೆಡಗಿನವರು ಅವರ ಲೆಕ್ಕದಲ್ಲಿ ಅಣ್ಣ-ತಂಗಿ. ಮದುವೆಯ ಮಾತೇ ಇಲ್ಲ. ಇದು ವಂಶದಿಂದ ಬರುವುದಲ್ಲ, ಯಾರಿಗೆ ಬೇಕಾದರೂ ಬರಬಹುದು ಎಂದು ಹೇಳಲು ಪ್ರಸಾದ ಬಾಯಿ ತೆರೆದ. ಅಷ್ಟರಲ್ಲಿ ಪುಟ್ಟರಂಗಯ್ಯನೇ, "ಹೌದಲ್ವಾ! ಐವತ್ತು ಜನದ ಬಸ್ಸಲ್ಲೂ ಇನ್ನೊಬ್ಬ ಸಿಗ್ಲಿಲ್ಲ!" ಎಂದುಬಿಟ್ಟ.

"ಇದೆಂಥ ಅನ್ಯಾಯ! ತಲೆ ನೆಟ್ಟಗಿದೆಯಾ?" ಎಂದು ಪ್ರಸಾದನೂ ಅಕ್ಷತಾಳೂ ಒಂದೇ ಉಸಿರಿಗೆ ಕೂಗಿ, ಒಂದೇ ಸಲ ನೆಲಕ್ಕೆ ಕಾಲು ಅಪ್ಪಳಿಸಿದರು.

ಚನ್ನವೀರಯ್ಯ ಪುಟ್ಟರಂಗಯ್ಯನ ಕಡೆ ತಿರುಗಿದರು. "ನೋಡಿದ್ರಾ? ಕೋಪಾನೂ ಒಂದೇ ಥರ." ಕಣ್ಣು ಒರೆಸಿಕೊಂಡು, ಅಕ್ಕರೆಯಿಂದ ಮೊಮ್ಮಗಳಿಗೆ ಹೇಳಿದರು: "ಅಕ್ಷತಾ, ಅಣ್ಣಂಗೆ ಎಲೆ ಹಾಕಮ್ಮ."