ವಾಸನೆಯಿಲ್ಲದ ಕಾರ್ಖಾನೆಗೆ ನನ್ನ ರೊಟ್ಟಿ ಬುತ್ತಿ

ನನ್ನ ಮೊಮ್ಮಗಳು ಪಲ್ಲವಿಗೆ ಮೂಗಿನ ನೌಕರಿ ಸಿಕ್ಕಿದೆ. ನಗಬೇಡಿ! ಕೊಪ್ಪಳದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ವೋಡ್ಕಾ ಎಂಬ ದುಬಾರಿ ಮದ್ಯ ತಯಾರಿಸುವ ಕಾರ್ಖಾನೆ ಇದೆ. ಅಲ್ಲಿ ಮಾಲು ಮೂಸಿ, ನಾಲಿಗೆಗೆ ತಾಗಿಸಿ, ಉಗುಳಿ, ‘ಪಾಸು’ ಅನ್ನುವ ಅಧಿಕಾರ ಅವಳದು. ಆ ಮೂಗು ನಮ್ಮ ವಂಶದ್ದೇ ಎಂದು ನಮ್ಮೂರು ಶ್ರೀರಾಮನಗರಕ್ಕೆಲ್ಲ ಸಾರಿದ್ದೇನೆ.

ಕಾರ್ಖಾನೆ ನೋಡಲು ನೌಕರರ ಮನೆಯವರಿಗೆ ಕರೆ ಬಂತು. ಮಗ ಲಾರಿ ಮೇಲೆ, ಸೊಸೆ ಅಂಗಡಿಯಲ್ಲಿ. ನಾನೇ ಹೊರಟೆ! ನಮ್ಮ ಮನೆಯಲ್ಲಿ ಜನ ಇದ್ದಾರೆ, ಆದರೆ ಒಬ್ಬೊಬ್ಬರ ಊಟಕ್ಕೆ ಒಂದೊಂದು ಹೊತ್ತು. ನನ್ನ ಊಟದ ಗಂಗಾಳದ ಎದುರಿಗೆ ಇರುವುದು ಗೋಡೆ. ಕೊಪ್ಪಳದಲ್ಲಿ ರೂಮು ಮಾಡಿಕೊಂಡಿರುವ ಪಲ್ಲವಿಯ ಎದುರು ಕೂತು ಒಂದು ಹೊತ್ತು ಉಣ್ಣಬೇಕು. ನನ್ನ ಆಸೆ ಅಷ್ಟೇ.

ಅವಳು ಫೋನಿನಲ್ಲಿ ಎಚ್ಚರಿಸಿದ್ದಳು. “ಅಜ್ಜಿ, ಹೂ ಮುಡ್ಕೊಂಡು ಬರಬ್ಯಾಡ. ತಲಿಗೆ ಎಣ್ಣಿ ಹಚ್ಚಬ್ಯಾಡ. ಎಲಿ-ಅಡಕಿ ಅಂತೂ ಬ್ಯಾಡೇ ಬ್ಯಾಡ. ನಮ್ಮ ಮೂಗು ಕೆಡ್ತಾವ.”

ಮೂರನ್ನೂ ಬಿಟ್ಟೆ. ಒಣ ತಲೆ, ಖಾಲಿ ಬಾಯಿ. ನನ್ನಷ್ಟು ಶಿಸ್ತಿನ ಮುದುಕಿ ಇಡೀ ಗಂಗಾವತಿ ತಾಲೂಕಿನಲ್ಲಿ ಇರಲಿಕ್ಕಿಲ್ಲ! ಆದರೆ ಮೊಮ್ಮಗಳ ಹತ್ತಿರ ಬರಿಗೈಯಲ್ಲಿ ಹೋಗುವುದುಂಟೇ? ಸಜ್ಜೆ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಬೆಳ್ಳುಳ್ಳಿ ಜಜ್ಜಿ ಹಾಕಿದ ಕೆಂಪು ಖಾರ ಕಟ್ಟಿಕೊಂಡೆ. ಊಟಕ್ಕೆ ಯಾರಾದರೂ ವಾಸನೆ ಅನ್ನುತ್ತಾರೆಯೇ? ಅದು ಘಮ!

ಅಲ್ಲಿ ಟೈ ಕಟ್ಟಿದ ಮಾರಾಟದ ಸಾಹೇಬರು ನಮ್ಮನ್ನೆಲ್ಲ ಕರೆದೊಯ್ದು ವಿವರಿಸಿದರು. ಅಕ್ಕಿ ನುಚ್ಚು ಬೇಯಿಸಿ, ಹುಳಿ ಬರಿಸಿ, ಕುದಿಸಿ, ಆವಿ ಹಿಡಿದು ತಣಿಸುತ್ತಾರೆ. ಆಮೇಲೆ ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿ ಸೋಸುತ್ತಾರೆ. ಬಣ್ಣ ಹೋಗಬೇಕು, ರುಚಿ ಹೋಗಬೇಕು, ವಾಸನೆ ಹೋಗಬೇಕು. ಎಲ್ಲಾ ಹೋದ ಮೇಲೆ ದಪ್ಪ ಗಾಜಿನ ಬಾಟಲಿಗೆ ತುಂಬಿ ಭಾರಿ ಬೆಲೆ ಹಾಕುತ್ತಾರೆ!

ಬಾಟಲಿ ಮೇಲೆ ಹಿಮದ ಬೆಟ್ಟದ ಚಿತ್ರ.

“ಸಾಹೇಬ್ರ, ಅಕ್ಕಿ ಗಂಗಾವತೀದು. ಈ ಬೆಟ್ಟ ಎಲ್ಲೀದ್ರಿ?”

“ನಮ್ಮ ಕಲ್ಲುಗುಡ್ಡದ ಚಿತ್ರ ಹಾಕಿದ್ರ ಯಾರ ಇಷ್ಟು ರೊಕ್ಕ ಕೊಡ್ತಾರಜ್ಜಿ? ಮಂದಿ ಕೊಳ್ಳೂದು ಈ ಥಂಡೀನ್ನ!”

“ಹಂಗಾದ್ರ ಬ್ಯಾಸಿಗ್ಯಾಗ ಬಾಟ್ಲಿ ನೋಡಿದ್ರ ಸಾಕಲ್ರಿ, ಕುಡಿಯೂದ್ಯಾಕ?”

ಎಲ್ಲರೂ ನಕ್ಕರು. ನನಗೆ ಹುರುಪು ಏರಿತು. ಅನಾಹುತಕ್ಕೆ ಅದೇ ಮುಹೂರ್ತ.

ಪಲ್ಲವಿಯನ್ನು ಹುಡುಕುತ್ತ ಪಕ್ಕದ ಕೋಣೆಯ ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಸಣ್ಣ ಸಣ್ಣ ಗ್ಲಾಸುಗಳ ಮುಂದೆ ಐದಾರು ಮಂದಿ ಧ್ಯಾನಕ್ಕೆ ಕೂತಂತೆ ಕೂತಿದ್ದರು. ನಡುವೆ ಪಲ್ಲವಿ. ಎಷ್ಟು ಸೊರಗಿದ್ದಾಳೆ! ಇಡೀ ದಿನ ಬಾಯಿಗೆ ಹಾಕಿದ್ದನ್ನೆಲ್ಲ ಉಗುಳಿದರೆ ಮೈ ಎಲ್ಲಿಂದ ಬರಬೇಕು?

“ಯವ್ವಾ, ಒಂದ ತುತ್ತು ತಿನ್ನು” ಎಂದು ಖಾರದ ಡಬ್ಬಿ ತೆಗೆದೆ.

“ಅಜ್ಜಿ, ಮುಚ್ಚು! ಲಗೂನ ಮುಚ್ಚು!”

ಎಲ್ಲರೆದುರು ನಾಚುತ್ತಿದ್ದಾಳೆ ಎಂದುಕೊಂಡು ಪುಂಡಿಪಲ್ಯದ ಡಬ್ಬಿಯನ್ನೂ ತೆಗೆದೆ.

ಅಷ್ಟೂ ಮೂಗುಗಳು ಒಮ್ಮೆಲೇ ನನ್ನ ಕಡೆ ತಿರುಗಿದವು. ಒಬ್ಬರು ಸೀನಿದರು. ಇನ್ನೊಬ್ಬರು, “ಪುಂಡಿಪಲ್ಯ ಏನಬೇ ಅಜ್ಜಿ?” ಎನ್ನುತ್ತ ಕೈ ಚಾಚಿಯೇ ಬಿಟ್ಟರು. ಎಸಿ ಆ ಘಮವನ್ನು ಹೊರಗಿನವರೆಗೂ ಹಂಚಿ ತನ್ನ ಕರ್ತವ್ಯವನ್ನು ಪ್ರಾಮಾಣಿಕವಾಗಿ ನಿರ್ವಹಿಸಿತು. ಹೊರಗೆ ಸಾಹೇಬರು “ಎಳ್ಳಷ್ಟೂ ವಾಸನಿ ಇಲ್ಲದ ಮಾಲು!” ಎಂದು ಹೇಳುತ್ತಿದ್ದಾಗಲೇ ಯಾರೋ “ಬಳ್ಳೊಳ್ಳಿ!” ಎಂದು ಕೂಗಿದರು.

ಮೂಸುವವರ ಮೇಲಧಿಕಾರಿ ಮೇಡಂ ಓಡಿ ಬಂದರು. ಪರೀಕ್ಷೆ ರದ್ದು! ಸಂಜೆ ಮತ್ತೆ ಮೂಸಬೇಕು. ಅಲ್ಲಿಯವರೆಗೆ ಮೂಸುವವರಿಗೆಲ್ಲ ಬರೀ ಬಿಳಿ ಅನ್ನ.

“ನಮ್ಮ ಹುಡುಗಿ ನೌಕರಿ ಕಸೀಬ್ಯಾಡ್ರಿ ಮೇಡಂ. ತಪ್ಪು ಡಬ್ಬೀದು” ಎಂದು ಕೈ ಮುಗಿದೆ.

“ಅಕಿಗೇನೂ ಆಗೂದಿಲ್ರಿ ಅಮ್ಮಾ. ನೀವು ಡಬ್ಬಿ ಕಟ್ಕೊಂಡು ಗೇಟಿನ ಕ್ವಾಣ್ಯಾಗ ಕೂಡ್ರಿ.”

ಆ ಕೋಣೆಗೆ ದೊಡ್ಡ ಗಾಜಿನ ಕಿಟಕಿ. ಮಧ್ಯಾಹ್ನ ಪಲ್ಲವಿ ಬಿಳಿ ಅನ್ನದ ತಟ್ಟೆ ಹಿಡಿದು ಬಂದು ಗಾಜಿನ ಆಚೆ ಕೂತಳು. ಫೋನು ಹಚ್ಚಿ, “ಉಣ್ಣಬೇ ಅಜ್ಜಿ, ಎದುರಿಗೇ ಅದೀನಲ್ಲ” ಅಂದಳು. ನಾನು ರೊಟ್ಟಿ ಮುರಿದೆ. ಅವಳು ಬರೀ ಅನ್ನ ನುಂಗುವುದನ್ನು ನೋಡಿ ಮನಸ್ಸು ತಡೆಯಲಿಲ್ಲ. ರೊಟ್ಟಿಗೆ ಖಾರ ಹಚ್ಚಿ ಅವಳ ಬಾಯಿಯ ನೇರಕ್ಕೆ ತುತ್ತು ಹಿಡಿದೆ. ಅದು ಗಾಜಿಗೆ ಮೆತ್ತಿಕೊಂಡಿತು. ಆಚೆ ಅವಳು ಬಾಯಿ ತೆರೆದೇ ಇದ್ದಳು.

ಕಾವಲುಗಾರ ನನ್ನ ಕೈಗೆ ಅರಿವೆ ಕೊಟ್ಟ. “ಒರೆಸಿ ಹೋಗಬೇ ಅಜ್ಜಿ.”

ಊರಲ್ಲಿ ಕೇಳಿದವರಿಗೆಲ್ಲ, ಮೊಮ್ಮಗಳ ಎದುರು ಕೂತು ಹೊಟ್ಟೆ ತುಂಬ ಉಂಡೆ ಎಂದು ಹೇಳಿದ್ದೇನೆ. ಗಾಜು ಒರೆಸಿದ್ದು ನಿಮ್ಮಲ್ಲೇ ಇರಲಿ!