ಬಲಗೈ, ಬುಟ್ಟಿ ಮತ್ತು ಬೀಗರೂಟ

ಕಾಯಿಲೆಯ ಮನೆಯಲ್ಲಿ ನಗಬಾರದು ಎಂದು ಯಾರು ಕಾನೂನು ಮಾಡಿದರೋ ನನಗೆ ತಿಳಿಯದು. ಕಿರಂಗೂರಿನ ನಮ್ಮ ಮನೆಯಲ್ಲಂತೂ ನನಗೆ ಸ್ಟ್ರೋಕ್ ಹೊಡೆದ ಮೇಲೆ ಆ ಕಾನೂನನ್ನು ಯಾರಾದರೊಬ್ಬರು ಮುರಿಯುತ್ತಲೇ ಇದ್ದಾರೆ. ನಾನು ಬಿ.ಎ. ಓದಿದವಳು. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಬಲಗೈ ಮಲಗಿದಾಗ ಎಡಗೈಯಲ್ಲಿ ಬರೆದೆ. ಅಕ್ಷರಗಳು ಕೋಳಿ ಕೆದಕಿದ ಹಾಗಿದ್ದವು, ಆದರೂ ಬರೆದೆ. ಆದ್ದರಿಂದ ಇಲ್ಲಿ ಹೇಳುವುದಕ್ಕೆ ಉಪ್ಪು ಖಾರ ಸೇರಿಸಿಲ್ಲ. ಸೇರಿಸುವ ಅಗತ್ಯವೂ ಬೀಳಲಿಲ್ಲ.

ಚಮಚ

ಸ್ಟ್ರೋಕ್ ಹೊಡೆಯುವ ಹೊತ್ತಿಗೆ ನನ್ನ ಚಿಕ್ಕ ಮಗನ ಮದುವೆ ಗೊತ್ತಾಗಿತ್ತು. ಹೆಣ್ಣು ನಾಗಮಂಗಲದ ಕಡೆಯದು. ಬೀಗರು ಒಳ್ಳೆಯ ಜನ. "ಅಮ್ಮ ಎದ್ದು ಓಡಾಡಲಿ, ಆಮೇಲೆ ಚಪ್ಪರ ಹಾಕೋಣ" ಎಂದು ಮದುವೆಯನ್ನು ಮುಂದಕ್ಕೆ ಹಾಕಿದರು. ಕಾಲು ಬೇಗ ದಾರಿಗೆ ಬಂತು. ಬಲಗೈ ಮಾತ್ರ ಬರಲಿಲ್ಲ.

ಆಗ ಕಿಕ್ಕೇರಿಯಿಂದ ನನ್ನ ನಾದಿನಿ, ಅಂದರೆ ಯಜಮಾನರ ತಂಗಿ, ನನ್ನನ್ನು ನೋಡಲು ಬಂದಳು. ಒಂದು ಕೈಯಲ್ಲಿ ಸೇಬು, ಇನ್ನೊಂದು ಕೈಯಲ್ಲಿ ಹೊಸ ಸ್ಟೀಲ್ ಚಮಚ.

"ಅತ್ಗೆ, ಬೀಗರೂಟದ ದಿನ ನೀವು ರೂಮ್ನಾಗೇ ಇದ್ಬುಡಿ. ನಾನೇ ಚಮಚದಲ್ಲಿ ಉಣ್ಣಿಸ್ತೀನಿ. ಪಂಕ್ತೀಲಿ ಕುಂತ್ಕೊಂಡು ಎಡಗೈಲಿ ಮುದ್ದೆ ಮುರುದ್ರೆ ಬೀಗ್ರು ಏನಂದ್ಕೊಂಡಾರು?"

"ಏನೂ ಅಂದ್ಕೊಳ್ಳಲ್ಲ ಕಣವ್ವ. ಮೊದಲನೇ ಪಂಕ್ತಿಯಲ್ಲಿ ಬೀಗಿತ್ತಿ ಪಕ್ಕದಲ್ಲೇ ಕೂತ್ಕೋತೀನಿ. ಮುದ್ದೆ ಉಣ್ತೀನಿ. ಬಲಗೈಯಲ್ಲಿ."

"ಆ ಕೈ ಮ್ಯಾಕೇ ಏಳಲ್ವಲ್ಲ ಅತ್ಗೆ!"

"ಬೀಗರೂಟ ಇವತ್ತಲ್ವಲ್ಲ."

ಅವಳು ನಿಟ್ಟುಸಿರು ಬಿಟ್ಟು ಚಮಚವನ್ನು ನನ್ನ ದಿಂಬಿನ ಪಕ್ಕ ಇಟ್ಟು ಹೋದಳು. ಅದು ಈಗ ಕೊಟ್ಟಿಗೆಯಲ್ಲಿದೆ. ಹಸುವಿನ ಬೂಸಕ್ಕೆ ಮಿನರಲ್ ಪುಡಿ ಹಾಕಲು ಬಳಸುತ್ತೇವೆ. ಹಸು ಬೇಜಾರು ಮಾಡಿಕೊಂಡಿಲ್ಲ.

ಹೊಗಳುವ ಪೆಟ್ಟಿಗೆ

ಪಾಂಡವಪುರದಿಂದ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಒಂದು ದಿನ ಕಪ್ಪು ಪೆಟ್ಟಿಗೆಯೊಂದನ್ನು ತಂದಳು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ನಮ್ಮ ಪಡಸಾಲೆ ಮಾಯವಾಗಿ ದೊಡ್ಡ ತೋಟ ಕಾಣುತ್ತದೆ. ಬಲಗಡೆ ಸೇಬಿನ ಮರ, ಎಡಗಡೆ ಒಂದು ಬುಟ್ಟಿ. ಬಲಗೈ ಚಾಚಿ ಹಣ್ಣು ಹಿಡಿಯಬೇಕು, ಎದೆಯ ಮುಂದಿನಿಂದ ಎಡಕ್ಕೆ ತರಬೇಕು, ಬುಟ್ಟಿಯ ಮೇಲೆ ಬೆರಳು ಬಿಚ್ಚಬೇಕು. ಹಣ್ಣು ಬುಟ್ಟಿಗೆ ಬಿದ್ದರೆ ಗೆದ್ದ ಹಾಗೆ. ನನ್ನ ಕೈ ಎತ್ತ ಹೋಗುತ್ತದೆ ಎಂಬುದನ್ನು ಪೆಟ್ಟಿಗೆಯೇ ಗುರುತಿಸುತ್ತದೆ. ನನಗೆ ಕಾಣುವುದೆಲ್ಲ ಮನೆಯ ಟಿ.ವಿ.ಯಲ್ಲೂ ಬರುತ್ತದೆ. ಹುಡುಗಿ ವಾರಕ್ಕೊಮ್ಮೆ ಬರುತ್ತಾಳೆ, ಉಳಿದ ದಿನ ಫೋನಿನಲ್ಲಿ ನೋಡಿಕೊಂಡು ಹೇಳಿಕೊಡುತ್ತಾಳೆ.

"ಇದ್ರಲ್ಲಿ ಧಾರಾವಾಹಿ ಬತ್ತದಾ?" ಎಂದು ಯಜಮಾನರು ಕೇಳಿದರು.

"ಇಲ್ಲ ಸರ್, ಬರೀ ವ್ಯಾಯಾಮ. ಒಂದು ವಿಷಯ ಗೊತ್ತಿರಲಿ ಅಮ್ಮ, ಹಿಡಿಯೋದು ಮೊದಲು ಬರುತ್ತೆ. ಬಿಡೋದು ತಡ. ಬೆರಳು ಬಿಚ್ಚೋದನ್ನೇ ಜಾಸ್ತಿ ಅಭ್ಯಾಸ ಮಾಡ್ಬೇಕು."

"ಇವ್ಳು ಇಡ್ಕೊಂಡಿದ್ದನ್ನ ಬುಡಾಕಿಲ್ಲ ಅನ್ನೋದು ನಂಗೆ ಮದ್ವೆ ಆದಾಗ್ಲಿಂದ ಗೊತ್ತು," ಎಂದರು ಯಜಮಾನರು.

ಪೆಟ್ಟಿಗೆಯೊಳಗೆ ಒಂದು ಹೆಣ್ಣು ದನಿಯಿತ್ತು. ನಾನು ಬೆರಳು ಅಲ್ಲಾಡಿಸಿದರೆ ಸಾಕು, "ಎಕ್ಸಲೆಂಟ್!" ಎನ್ನುತ್ತಿತ್ತು. ಹಣ್ಣು ಕೆಳಗೆ ಬಿದ್ದರೂ "ಎಕ್ಸಲೆಂಟ್!" ಇದು ನನಗೆ ಹಿಡಿಸಲಿಲ್ಲ. ಬಿದ್ದ ಹಣ್ಣಿಗೆ ಶಹಭಾಸ್ ಅನ್ನುವುದು ಸುಳ್ಳು ಲೆಕ್ಕವಲ್ಲವೇ? ಹಾಗೆಂದು ಯಜಮಾನರ ಮುಂದೆ ದೂರಿದೆ. ಜೊತೆಗೆ, "ಆದ್ರೂ ನಿಮ್ಮ ಬಾಯಿಂದ ಒಂದು ದಿನವೂ ಆ ಮಾತು ಬಂದಿಲ್ಲ ಬಿಡಿ" ಎಂದೂ ಸೇರಿಸಿದೆ.

ಮಾರನೆಯ ದಿನ ನಾನು ಕಾಫಿ ಕುಡಿದು ಲೋಟ ಇಟ್ಟೆ. ಜಗಲಿಯಿಂದ ಕೇಳಿತು, "ಎಕ್ಸಲೆಂಟ್!" ಕನ್ನಡಕ ಹುಡುಕಿಕೊಂಡೆ. "ಎಕ್ಸಲೆಂಟ್!" ಮಧ್ಯಾಹ್ನ ಉಂಡು ತೇಗಿದೆ. ಅದಕ್ಕೂ ಬಂತು. ಕೊನೆಗೆ ಕೈಮುಗಿದು ಕೇಳಿಕೊಂಡೆ, "ದಯವಿಟ್ಟು ಮೊದಲಿನ ಹಾಗೇ ಇದ್ದುಬಿಡಿ."

ಅವರು ಅದಕ್ಕೂ ಅದನ್ನೇ ಹೇಳಿದರು.

ಅಕ್ಕಿಹೆಬ್ಬಾಳಿನ ಮದ್ದು

ಅಕ್ಕಿಹೆಬ್ಬಾಳಿನಿಂದ ನನ್ನ ಚಿಕ್ಕಪ್ಪ ಬಂದರು. ವಯಸ್ಸಾಗಿದೆ, ಕಿವಿ ಮಂದ, ಅಭಿಪ್ರಾಯಗಳು ಚುರುಕು. ಕೈಯಲ್ಲೊಂದು ಬಟ್ಟೆ ಚೀಲ. ಚೀಲ ತಾನಾಗಿಯೇ ಕದಲುತ್ತಿತ್ತು.

"ಏನ್ ಚಿಕ್ಕಪ್ಪ ಅದು?"

"ಪಾರಿವಾಳ ಮಗಾ. ಜೋಡಿ. ಕುಯ್ದು ಬಿಸಿ ರಕ್ತ ಉಜ್ಜುದ್ರೆ ಸತ್ತ ಕೈ ಎದ್ದು ಕುಂತ್ಕತದೆ."

"ನನ್ನ ಕೈ ಸತ್ತಿಲ್ಲ. ಮಲಗಿದೆ. ಎಬ್ಬಿಸ್ತಾ ಇದೀನಿ. ನನ್ನ ಮನೇಲಿ ಆ ಹಕ್ಕಿಗಳಿಗೆ ಯಾರಾದರೂ ಕತ್ತಿ ತೋರಿಸಿದ್ರೆ ಅವರಿಗೆ ಊಟ ಇಲ್ಲ."

ಊಟ ಇಲ್ಲ ಎಂದದ್ದು ಅವರ ಮಂದ ಕಿವಿಗೂ ಕೇಳಿಸಿತು. ಸುಮ್ಮನೆ ಟಿ.ವಿ. ಮುಂದೆ ಕುಳಿತರು. ನಾನು ಪೆಟ್ಟಿಗೆ ಕಟ್ಟಿಕೊಂಡೆ. ಆ ವಾರ ಹೊಸ ಪಾಠ: ಅಂಗೈಯನ್ನು ಬಿಡಿಸಿ ಮೇಲಕ್ಕೆ ಹಿಡಿದರೆ ಒಂದು ಹಕ್ಕಿ ಬಂದು ಕೂತು ಕಾಳು ತಿನ್ನುತ್ತದೆ. ತಿಂದು ಮುಗಿಸುವ ತನಕ ಅಂಗೈ ಮಡಚಬಾರದು. ನಾನು ಹಲ್ಲು ಕಚ್ಚಿ ಕೈ ಎತ್ತಿ ಹಿಡಿದೆ. ಬೂದು ಬಣ್ಣದ ಹಕ್ಕಿಯೊಂದು ಬಂದು ಕೂತಿತು.

ಟಿ.ವಿ. ಮುಂದೆ ಚಿಕ್ಕಪ್ಪ ಎದ್ದು ನಿಂತು ಕೂಗಿದರು. "ನೋಡ್ರಪ್ಪ! ಡಾಕ್ಟ್ರೂ ಪಾರಿವಾಳ್ದಲ್ಲೇ ವಾಸಿ ಮಾಡ್ತಾವ್ರೆ! ಅವ್ರದ್ದು ಬರೀ ಬೊಂಬೆ ಮಗಾ, ನಂದು ಜೀವ ಇರೋದು!"

ಚೀಲ ಬಿಚ್ಚಿಸಿದೆ. ಪಾರಿವಾಳಗಳು ನಮ್ಮ ಹೆಂಚಿನ ಸಂದಿಯಲ್ಲಿ ಸಂಸಾರ ಹೂಡಿವೆ. ಚಿಕ್ಕಪ್ಪ ಆಗಾಗ ಫೋನ್ ಮಾಡಿ ಕೇಳುತ್ತಾರೆ, "ಕೈ ಎಂಗದೆ ಮಗಾ?"

"ವಾಸಿ ಆಗ್ತಾ ಇದೆ ಚಿಕ್ಕಪ್ಪ."

"ನಾನ್ ಏಳ್ಲಿಲ್ವಾ? ಉಜ್ಜೋದೇ ಬ್ಯಾಡ, ಮನೇಲಿದ್ರೂ ಸಾಕು!"

ಸೆಕೆ

ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವವರಿಗೆ ನಮ್ಮ ಜಗಲಿ ದಾರಿಯಲ್ಲೇ ಸಿಗುತ್ತದೆ. ಸೇಬು ಕೀಳುವ ಆಟ ಟಿ.ವಿ.ಯಲ್ಲಿ ಬರುತ್ತದೆ ಎಂಬ ಸುದ್ದಿ ಹರಡಿ, ಖಾಲಿ ಕ್ಯಾನುಗಳ ಸಮೇತ ಜನ ಸೇರತೊಡಗಿದರು. ಪೆಟ್ಟಿಗೆಯೊಳಗೆ ನನಗೆ ತೋಟ ಮಾತ್ರ ಕಾಣುತ್ತದೆ, ಸದ್ದು ಮಾತ್ರ ಊರಿನದು.

"ಮುಂದುಕ್ ಬಗ್ಗಕ್ಕೋ!"

"ಅದ್ ಕಾಯಿ ಕಣಕ್ಕ, ಪಕ್ಕದ್ದು ಅಣ್ಣಾಗದೆ ನೋಡು!"

"ಸುಮ್ಕಿರ್ಲಾ, ಅಕ್ಕಂಗೆ ಗೊತ್ತಾಗಲ್ವಾ?"

ಒಂದು ದಿನ ಒಂದು ಹಣ್ಣೂ ಬುಟ್ಟಿಗೆ ಬೀಳಲಿಲ್ಲ. ಹಿಂದಿನ ದಿನ ಬಂದ ಕೈ ಅವತ್ತು ಬರಲೊಲ್ಲದು. ಮದುವೆಗೆ ದಿನ ಗೊತ್ತು ಮಾಡಿಯಾಗಿತ್ತು. ಕಿಕ್ಕೇರಿಯ ಚಮಚ ಕಣ್ಣಮುಂದೆ ಬಂತು. ಆ ಪೆಟ್ಟಿಗೆಯ ಒಂದು ಉಪಯೋಗವನ್ನು ಯಾರೂ ಹೇಳಿರಲಿಲ್ಲ. ಅದರೊಳಗೆ ಅತ್ತರೆ ಹೊರಗಿನವರಿಗೆ ಕಾಣದು.

ಆದರೆ ಗಾಜು ಮಂಜಾಗುತ್ತದೆ. ನನ್ನ ಕೈ ತಡಕಾಡುತ್ತಿದ್ದುದನ್ನು ಕಂಡು ಹುಡುಗಿ ಫೋನಿನಲ್ಲಿ ಕೇಳಿದಳು, "ಅಮ್ಮಾ, ಒಳಗೆ ಮಂಜು ಕಟ್ಟಿದೆಯಾ? ಬೆವರಾ?"

"ಹೌದಮ್ಮ. ಸೆಕೆ."

ಅದು ಧನುರ್ಮಾಸ. ಜಗಲಿಯ ತುಂಬ ಮಫ್ಲರು, ಸ್ವೆಟರು. ಕಂಬಳಿ ಹೊದ್ದು ಕುಳಿತಿದ್ದ ನಮ್ಮ ಯಜಮಾನರು ಎದ್ದು ಬಂದು, ಹಲ್ಲು ಕಟಕಟ ಎನ್ನುತ್ತಿದ್ದರೂ ಫ್ಯಾನು ಹಾಕಿದರು.

"ಊಂ ಕಣಮ್ಮಿ, ಬಲೇ ಸೆಕೆ."

ಹಾಲಿನವರೆಲ್ಲ ಅಷ್ಟೂ ಹೊತ್ತು ಆ ಗಾಳಿಯಲ್ಲೇ ನಡುಗುತ್ತ ಕುಳಿತಿದ್ದರು. ಒಬ್ಬನೂ ಆರಿಸು ಅನ್ನಲಿಲ್ಲ. ಮಾರನೆಯ ದಿನ ಹಣ್ಣು ಬಿತ್ತು.

ತುರುಬು

ಮದುವೆ ಹತ್ತಿರ ಬಂದಂತೆ ನಾದಿನಿ ಮತ್ತೆ ಬಂದಳು. ನಾನು ಪೆಟ್ಟಿಗೆ ಕಟ್ಟಿಕೊಂಡು ಕುರ್ಚಿಯಲ್ಲಿದ್ದೆ. ಆಟದ ಸದ್ದು ಜೋರಾಗಿಟ್ಟಿದ್ದರಿಂದ ಅವಳು ಬಂದದ್ದು ನನಗೆ ತಿಳಿಯಲಿಲ್ಲ. ಟಿ.ವಿ. ಕಡೆ ತಿರುಗಿಯೂ ನೋಡದೆ ಅವಳು ನನ್ನ ಮುಂದೆ ಬಂದು ನಿಂತು ಅಣ್ಣನನ್ನು ವಿಚಾರಿಸಿದಳಂತೆ.

"ಇದ್ಯಾಕಣ್ಣ, ಅತ್ಗೆ ಕಣ್ಣಿಗೆ ಇಂಗೆ ಕಟ್ಟಿದೀರಿ? ಕೈಗೇನಾರ ಬಲ ಬಂದದಾ, ಇಲ್ವಾ?"

"ನೀನೇ ನೋಡ್ಕೊ," ಎಂದರಂತೆ ಅವರು.

ಅವಳು ನೋಡಲು ಬಗ್ಗಿದಳು. ಅದೇ ಗಳಿಗೆಯಲ್ಲಿ ನನ್ನ ತೋಟದಲ್ಲಿ ಒಂದು ದಪ್ಪ ಸೇಬು ಕೈಗೆಟುಕುವಷ್ಟು ಹತ್ತಿರ ಬಂತು. ಚಾಚಿದೆ, ಹಿಡಿದೆ. ಯಾವತ್ತೂ ಗಾಳಿಯಂತಿರುತ್ತಿದ್ದ ಹಣ್ಣು ಅವತ್ತು ಕೈತುಂಬ ಸಿಕ್ಕಿತು. ಮೆತ್ತಗಿತ್ತು. ಹಣ್ಣು ಕೂಗಿಕೊಂಡಿತು, "ಅಯ್ಯಯ್ಯೋ! ಅತ್ಗೆ! ಬುಡಿ!"

ಬಿಡಬೇಕೆಂದೇ ಇತ್ತು. ಆದರೆ ಬಿಡುವುದು ತಡ ಎಂದು ಹುಡುಗಿ ಹೇಳಿರಲಿಲ್ಲವೇ? ಬೆರಳು ಬಿಚ್ಚಲಿಲ್ಲ. ಕೈ ಮಾತ್ರ ಅಭ್ಯಾಸದಂತೆ ಎದೆಯ ಮುಂದಿನಿಂದ ಎಡಕ್ಕೆ ಹೊರಟಿತು. ನಾದಿನಿಯೂ ಎಡಕ್ಕೆ ಬಂದಳು, ಬಗ್ಗಿಕೊಂಡೇ. ಅರ್ಧ ದಾರಿಯಲ್ಲಿ ಹಣ್ಣು ಹಗುರವಾಯಿತು. ಬುಟ್ಟಿಯ ಮೇಲೆ ಬಂದಾಗ ಬೆರಳು ಬಿಚ್ಚಿಕೊಂಡಿತು.

"ಎಕ್ಸಲೆಂಟ್!" ಎಂದಿತು ಪೆಟ್ಟಿಗೆ.

ಪೆಟ್ಟಿಗೆ ತೆಗೆದು ನೋಡಿದರೆ ನೆಲದ ಮೇಲೆ ನಾದಿನಿಯ ಚೌರಿ, ಮುಡಿದ ಮಲ್ಲಿಗೆಯ ಸಮೇತ. ಅವಳು ಬೋಳು ತುರುಬನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತಿದ್ದಳು.

"ಕೈಗೆ ಬಲ ಬಂದಿದೆಯೇನವ್ವ?" ಎಂದು ಕೇಳಿದೆ.

ಎಡಗಡೆಯ ಎಲೆ

ಮದುವೆ ಮುಗಿದು, ಕೊನೆಗೂ ಬೀಗರೂಟದ ದಿನ ಬಂತು. ಮನೆ ಮುಂದೆ ಚಪ್ಪರ, ಬೆಳಗ್ಗೆಯಿಂದ ಮಸಾಲೆಯ ಘಮ. ನಾಗಮಂಗಲದವರು ಬಸ್ಸು ಮಾಡಿಕೊಂಡು ಬಂದಿಳಿದರು. ಮೊದಲನೇ ಪಂಕ್ತಿಯಲ್ಲಿ ನಾನು ಕೂತೆ. ನನ್ನ ಎಡಕ್ಕೆ ಬೀಗಿತ್ತಿ, ಅಂದರೆ ಹೊಸ ಸೊಸೆಯ ತಾಯಿ. ಎದುರಿನ ಸಾಲಿನಲ್ಲಿ ಯಜಮಾನರು ಮತ್ತು ಬೀಗರು. ಬಾಗಿಲ ಬಳಿ ನಾದಿನಿ. ಅವಳ ಸೊಂಟದಲ್ಲಿ ಏನೋ ಮಿಂಚುತ್ತಿತ್ತು. ಇನ್ನೊಂದು ಚಮಚ!

ಎಲೆಗೆ ಕುರಿ ಬೋಟಿಯ ಗೊಜ್ಜು ಬಂತು, ಆಮೇಲೆ ಹಬೆಯಾಡುವ ಮುದ್ದೆ, ಅದರ ಸುತ್ತ ಸಾರು. ಎಲ್ಲರೂ ಉಣ್ಣಲು ಶುರುಮಾಡುವ ಮೊದಲು ನನ್ನ ಕಡೆ ನೋಡಿದರು. ನಾನು ಬಲಗೈ ಚಾಚಿದೆ. ಬೆರಳುಗಳು ಮುದ್ದೆಯನ್ನು ಹಿಡಿದವು. ಚೂರು ಮುರಿಯಬೇಕಿತ್ತು. ಹಾಗಾಗಲಿಲ್ಲ, ಇಡೀ ಮುದ್ದೆಯೇ ಮೇಲಕ್ಕೆ ಬಂತು. ಬಾಯಿಗೆ ತರಬೇಕೆಂದು ನಾನು ಅಂದುಕೊಂಡೆ. ಕೈ ನನ್ನನ್ನು ಕೇಳಲಿಲ್ಲ. ಎದೆಯ ಮುಂದಿನಿಂದ ಎಡಕ್ಕೆ ಹೋಯಿತು, ನಿಂತಿತು, ಬೆರಳು ಬಿಚ್ಚಿತು. ನನ್ನ ಮುದ್ದೆ ಬೀಗಿತ್ತಿಯ ಎಲೆಯಲ್ಲಿ ಅವರ ಮುದ್ದೆಯ ಪಕ್ಕ ಕೂತಿತು.

ಸಾರಿನ ಬಕೆಟ್ ಹಿಡಿದವನು ನಿಂತಲ್ಲೇ ನಿಂತ. ಎದುರಿನ ಸಾಲಿನಿಂದ ಒಂದೇ ಒಂದು ದನಿ ಬಂತು.

"ಎಕ್ಸಲೆಂಟ್!"

ಬೀಗಿತ್ತಿ ಎರಡು ಮುದ್ದೆಗಳನ್ನೂ ನೋಡಿದರು, ನನ್ನನ್ನೂ ನೋಡಿದರು. ಕಣ್ಣಲ್ಲಿ ನೀರಾಡಿತು. "ಅಯ್ಯೋ ನಮ್ಮವ್ವ! ನಿಮ್ಮೆಲೆ ಮುದ್ದೆನೇ ತಗ್ದು ನಂಗಿಕ್ಕುದ್ರಾ? ಆ ಕೈಲಿ? ಇದು ನಿಮ್ಮನೆ ಶಾಸ್ತ್ರವಾ?"

ನಾನು ಸುಳ್ಳು ಹೇಳುವವಳಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ. ಯಜಮಾನರಿಗೆ ಅಂಥ ಕಷ್ಟ ಇರಲಿಲ್ಲ. "ಊಂ ಕಣವ್ವ, ನಮ್ ಮುತ್ತಜ್ಜಿ ಕಾಲ್ದಿಂದ್ಲೂ ನಡ್ಕೊಂಡ್ ಬಂದದೆ!"

"ಅಂಗಾರೆ ನಮ್ದೂ ನೀವು ಉಣ್ಬೇಕು," ಎಂದು ಬೀಗಿತ್ತಿ ತಮ್ಮ ಮುದ್ದೆಯನ್ನು ನನ್ನ ಎಲೆಗೆ ಹಾಕಿದರು.

ಈ ಸಲ ನಾನು ಕೈಗೆ ಕಣ್ಣು ಬಿಟ್ಟು ಹೆದರಿಸಿದೆ. ಬೆರಳು ಚೂರು ಮುರಿಯಿತು, ಸಾರಿಗೆ ಅದ್ದಿತು, ನಡುಗುತ್ತ ಮೇಲೆ ಬಂತು. ಸಾರು ಮೊಣಕೈ ತನಕ ಹರಿಯಿತು. ಒರೆಸಿಕೊಳ್ಳಲಿಲ್ಲ. ನಾದಿನಿಯನ್ನೇ ನೋಡುತ್ತ ನುಂಗಿದೆ. ಅವಳು ಸೊಂಟದ ಚಮಚಕ್ಕೆ ಸೆರಗು ಮುಚ್ಚಿದಳು. ಅಷ್ಟರಲ್ಲಿ ಪಂಕ್ತಿಯ ಉದ್ದಕ್ಕೂ ನಾಗಮಂಗಲದ ಹೆಂಗಸರು ತಮ್ಮ ಮುದ್ದೆಯನ್ನು ಪಕ್ಕದವರ ಎಲೆಗೆ ಹಾಕಿ ಶಾಸ್ತ್ರ ಮುಗಿಸುತ್ತಿದ್ದರು. ಬಡಿಸುವವರಿಗೆ ಯಾರಿಗೆ ಬಡಿಸಿದೆ, ಯಾರಿಗೆ ಇಲ್ಲ ಎಂಬುದೇ ತಿಳಿಯದಾಯಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ಕಿಕ್ಕೇರಿಯಲ್ಲಿ ನಾದಿನಿಯ ಮಗನ ಬೀಗರೂಟ ನಡೆಯಿತು. ಅವಳ ಬೀಗಿತ್ತಿ ಬಂದು ಬಲಗಡೆಯ ಎಲೆಯ ಮುಂದೆ ಕೂತರು. ನಾದಿನಿ ಅವರನ್ನು ಕೈಹಿಡಿದು ಎಬ್ಬಿಸಿ ಎಡಕ್ಕೆ ಕೂರಿಸಿದಳು. ಮುದ್ದೆ ಬಂದ ಕೂಡಲೇ ತನ್ನ ಮುದ್ದೆಯನ್ನು ಬಲಗೈಯಲ್ಲಿ ಹಿಡಿದು, ಎದೆಯ ಮುಂದಿನಿಂದ ನಿಧಾನವಾಗಿ ತಂದು, ಅವರ ಎಲೆಯ ಮೇಲೆ ಬೆರಳು ಬಿಚ್ಚಿದಳು.

"ಇದೇನವ್ವ?" ಎಂದು ಅವರು ಗಾಬರಿಯಾದರು.

"ನಮ್ ತೌರ್ಮನೆ ಶಾಸ್ತ್ರ ಕಣವ್ವ. ನಮ್ಮಜ್ಜಿ ನಂಗೆ ಕೈ ಇಡ್ದು ಕಲ್ಸಿದ್ದು. ಬಲಗಡೆ ಕುಂತ್ರೆ ಫಲ ಇಲ್ಲ," ಎಂದು ಹೇಳಿ ನಾದಿನಿ ನನ್ನ ಕಡೆ ತಿರುಗಿದಳು. "ಅಲ್ವಾ ಅತ್ಗೆ?"

ನನ್ನ ಬಾಯಲ್ಲಿ ಮುದ್ದೆಯಿತ್ತು, ನಾನೇ ಬಲಗೈಯಲ್ಲಿ ಇಟ್ಟುಕೊಂಡದ್ದು. ಅದನ್ನು ನುಂಗಿ ಹೇಳಿದೆ, "ಎಕ್ಸಲೆಂಟ್!"